ಹೊಸ್ತಿಲ ಬಳಿಯ ತಾಯಿ: ಲೀಲಾ ಚಿಟ್ನಿಸ್ ಅವರ ಚಿತ್ರಜೀವನವನ್ನು ಕುರಿತು

ತಾಯಂದಿರ ದಿನದ ಆರಾಧನೆಯಲ್ಲಿ ನಮ್ಮ ಸಭೆಗಳಲ್ಲಿ ಕೇಳಿಬರುವ ಪ್ರಸಂಗಗಳಿಗೆ ರೂಢಿಯಾದ ಒಂದು ಅಚ್ಚು ಉಂಟು. ಅವು ಅಗಸ್ತೀನನ ತಾಯಿ ಮೋನಿಕಾಳ ಕಣ್ಣೀರಿನಿಂದ ಆರಂಭವಾಗುತ್ತವೆ. ಶಿಲುಬೆಯ ಬಳಿಯ ಮರಿಯಳನ್ನು ಹಾದುಹೋಗುತ್ತವೆ. ದಾರಿ ತಪ್ಪಿದ ಮಗನಿಗಾಗಿ ಉಪವಾಸವಿದ್ದು ಅಳುವ, ಹೆಸರಿಲ್ಲದ ಬಡತಾಯಿಯೊಬ್ಬಳ ಕಥೆಯಲ್ಲಿ ಮುಗಿಯುತ್ತವೆ. ಈ ಕೊನೆಯ ತಾಯಿ ಎಲ್ಲಿಂದ ಬಂದವಳೆಂದು ನಾವು ವಿಚಾರಿಸುವುದು ಅಪರೂಪ. ಯೋಹಾನನು ಮರಿಯಳು ಶಿಲುಬೆಯ ಬಳಿ ನಿಂತಿದ್ದುದನ್ನು ಹೇಳಿದ್ದಾನೆ, ಅತ್ತದ್ದನ್ನು ಹೇಳಿಲ್ಲ. ಲೂಕನ ಹದಿನೈದನೆಯ ಅಧ್ಯಾಯದಲ್ಲಿ ಮನೆಬಿಟ್ಟು ಹೋದ ಮಗನಿಗೆ ತಂದೆಯುಂಟು, ಅಣ್ಣನುಂಟು, ತಾಯಿಯ ಮಾತೇ ಇಲ್ಲ. ಹಾಗಾದರೆ ನಮ್ಮ ಪೀಠದಿಂದ ಮತ್ತೆ ಮತ್ತೆ ವರ್ಣಿತಳಾಗುವ ಆ ಬಿಳಿಸೀರೆಯ, ಕೆಮ್ಮುವ, ಕ್ಷಮಿಸುವ, ಕೊನೆಗೆ ಸಾಯುವ ತಾಯಿ ಯಾರು? ಆಕೆ ಹಿಂದೀ ಚಿತ್ರದ ತೆರೆಯಿಂದ ಇಳಿದು ಬಂದವಳು. ಆಕೆಗೆ ಮೊದಲ ರೂಪ ಕೊಟ್ಟವರಲ್ಲಿ ಅಗ್ರಸ್ಥಾನ ಧಾರವಾಡದಲ್ಲಿ ಹುಟ್ಟಿದ ಒಬ್ಬ ನಟಿಗೆ ಸಲ್ಲಬೇಕು.

ಲೀಲಾ ಚಿಟ್ನಿಸ್ 1909ರಲ್ಲಿ ಜನಿಸಿದರು. ಆಗ ಧಾರವಾಡವಾಗಲಿ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಗಳಾಗಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು; 1956ರ ತನಕವೂ ಮುಂಬಯಿಯ ಆಡಳಿತದಲ್ಲೇ ಇದ್ದವು. ಮರಾಠಿ ಮನೆಮಾತಿನ ಕುಟುಂಬ, ತಂದೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು. ಎಳೆಯ ವಯಸ್ಸಿನಲ್ಲಿ ಒಬ್ಬ ವೈದ್ಯರೊಡನೆ ಮದುವೆ, ಮಕ್ಕಳು, ಆಮೇಲೆ ವಿಚ್ಛೇದನ. ಮಕ್ಕಳನ್ನು ಸಾಕುವ ಹೊಣೆ ಹೊತ್ತು ಶಾಲೆಯಲ್ಲಿ ಪಾಠ ಹೇಳಿದ ಈ ಪದವೀಧರೆ ರಂಗಭೂಮಿಗೂ ಅಲ್ಲಿಂದ ಚಿತ್ರರಂಗಕ್ಕೂ ಬಂದರು. ಈ ವಿವರಗಳನ್ನು ಕೊಡುವುದಕ್ಕೆ ಕಾರಣವಿದೆ. ಮುಂದೆ ತೆರೆಯ ಮೇಲೆ ಗಂಡನಿಲ್ಲದೆ ಮಗನನ್ನು ಬೆಳೆಸಿ ನೆನೆದ ಕಣ್ಣಿನಲ್ಲೇ ಕಾಲ ಕಳೆಯುವ ಹೆಂಗಸನ್ನು ಅಷ್ಟು ಸಲ ಅಭಿನಯಿಸಿದವರು, ನಿಜಜೀವನದಲ್ಲಿ ಅದೇ ಹೊರೆಯನ್ನು ದುಡಿಮೆಯಿಂದ ಹೊತ್ತವರು. ಅವರ ಮನೆ ನಡೆದದ್ದು ಅಳುವಿನಿಂದಲ್ಲ, ಸಂಬಳದಿಂದ.

ಅವರು ಸೇರಿದ ನಾಟಕ ಸಂಸ್ಥೆ ನಾಟ್ಯಮನ್ವಂತರ. 1933ರಲ್ಲಿ ಆ ಸಂಸ್ಥೆ ಮರಾಠಿ ರಂಗಕ್ಕೆ ತಂದ ಮೊದಲ ನಾಟಕ ‘ಆಂಧಳ್ಯಾಂಚೀ ಶಾಳಾ’. ಅದು ನಾರ್ವೆಯ ಲೇಖಕ ಬ್ಯೋರ್ನ್‌ಸನ್‌ನ ನಾಟಕವೊಂದರ ರೂಪಾಂತರ. ಮೂಲನಾಟಕದ ವಸ್ತುವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ನಿಶ್ಚಿತಾರ್ಥವಾದ ಹುಡುಗಿಯೊಬ್ಬಳು ತನ್ನ ವರನ ಹಿಂದಿನ ಸಂಬಂಧದ ಸಂಗತಿ ತಿಳಿದು, ಹೆಣ್ಣಿನಿಂದ ನಿರೀಕ್ಷಿಸುವ ಶೀಲವನ್ನು ಗಂಡಿನಿಂದಲೂ ನಿರೀಕ್ಷಿಸಬಾರದೇಕೆ ಎಂದು ಕೇಳಿ ಕೈಗವಸನ್ನು ಅವನ ಮೋರೆಗೆ ಎಸೆಯುತ್ತಾಳೆ. ಮರುವರ್ಷ, 1934ರಲ್ಲಿ, ಲೀಲಾ ಚಿಟ್ನಿಸ್ ಇದೇ ಸಂಸ್ಥೆಯ ‘ಉಸನಾ ನವರಾ’ ಎಂಬ ವಿನೋದ ನಾಟಕದಲ್ಲಿ ಪ್ರಧಾನ ಪಾತ್ರ ವಹಿಸಿದರು. ಇಬ್ಸೆನ್ ಮತ್ತು ಶಾ ಅವರ ಪ್ರಭಾವದಲ್ಲಿ ಬೆಳೆದ ಆ ಗುಂಪಿನಲ್ಲಿ ಒಂದು ಪ್ರಶ್ನೆ ದಿನನಿತ್ಯದ ಚರ್ಚೆಯಾಗಿತ್ತು: ಶೀಲದ ವಿಷಯದಲ್ಲಿ ತೀರ್ಪು ಕೊಡುವವರು ಯಾರು, ತೀರ್ಪಿಗೆ ಒಳಗಾಗುವವರು ಯಾರು? ಈ ನಟಿಯ ಮುಂದಿನ ಐವತ್ತು ವರ್ಷಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಬಹುದೆಂಬುದು ನಮ್ಮ ಅಭಿಪ್ರಾಯ.

ನಾಯಕಿಯಾಗಿ ಅವರ ವೃತ್ತಿಯನ್ನು ಇಲ್ಲಿ ಬೇಗನೆ ದಾಟುತ್ತೇವೆ. ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ಒಂದು ಗಂಟೆಯೂ ಆಗದ ಕೊಲ್ಲಾಪುರವೇ ಆಗ ಮರಾಠಿ ಚಿತ್ರಗಳ ತವರು. ಅಲ್ಲಿಯ ಹಂಸ ಪಿಕ್ಚರ್ಸ್ ಸಂಸ್ಥೆಗಾಗಿ ಮಾಸ್ಟರ್ ವಿನಾಯಕರು ವಿ. ಸ. ಖಾಂಡೇಕರರ ಕಥೆಯಿಂದ ತೆಗೆದ ‘ಛಾಯಾ’ (1936) ಚಿತ್ರದಲ್ಲಿ ಲೀಲಾ ಚಿಟ್ನಿಸ್ ನಟಿಸಿದರು. 1937ರ ‘ಜಂಟಲ್‌ಮನ್ ಡಾಕೂ’ದಲ್ಲಿ ಗಂಡುವೇಷ ತೊಟ್ಟ ನಾಜೂಕಿನ ಕಳ್ಳಿ. ಆಮೇಲೆ ಬಾಂಬೆ ಟಾಕೀಸ್‌ನಲ್ಲಿ ಅಶೋಕಕುಮಾರರ ಜೋಡಿಯಾಗಿ ‘ಕಂಗನ್’ (1939), ‘ಬಂಧನ್’ (1940), ‘ಝೂಲಾ’ (1941). ಮೂರೂ ಚಿತ್ರಗಳು ಜನ ಮೆಚ್ಚಿದವು. ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆಯೂ ಅವರೇ, 1941ರಲ್ಲಿ. 1942ರಲ್ಲಿ ‘ಕಿಸೀ ಸೇ ನ ಕಹನಾ’ ಚಿತ್ರವನ್ನು ನಿರ್ಮಿಸಿದರು. ಅಲ್ಲಿಗೆ ಬಾಗಿಲು ಮುಚ್ಚಿತು. ಮೂವತ್ತು ದಾಟಿದ ನಾಯಕಿಗೆ ಚಿತ್ರೋದ್ಯಮ ಕೊಡುವ ಶಿಕ್ಷೆ ಎಲ್ಲ ಭಾಷೆಗಳಲ್ಲೂ ಒಂದೇ. 1948ರಲ್ಲಿ ‘ಶಹೀದ್’ ಚಿತ್ರದಲ್ಲಿ ಅವರು ತಮಗಿಂತ ಹದಿಮೂರೇ ವರ್ಷ ಕಿರಿಯರಾದ ದಿಲೀಪಕುಮಾರರ ತಾಯಿಯಾದರು. ಅಲ್ಲಿಂದ ಮುಂದೆ ಬಹುಮಟ್ಟಿಗೆ ತಾಯಿಯೇ.

ಈ ತಾಯಿಯ ಪಾತ್ರಗಳಲ್ಲಿ ಮೂರನ್ನು ಆರಿಸಿಕೊಳ್ಳುತ್ತೇವೆ. ಮೂರರಲ್ಲೂ ಕಥೆಯ ಕೀಲು ಇರುವುದು ಮನೆಯ ಹೊಸ್ತಿಲಿನಲ್ಲಿ.

ಮೊದಲನೆಯದು ರಾಜ್ ಕಪೂರ್ ನಿರ್ದೇಶನದ ‘ಆವಾರಾ’ (1951). ನ್ಯಾಯಾಧೀಶ ರಘುನಾಥನಿಗೆ ಒಂದು ಸಿದ್ಧಾಂತವಿದೆ: ಸಜ್ಜನನ ಮಗ ಸಜ್ಜನ, ಕಳ್ಳನ ಮಗ ಕಳ್ಳ. ಆ ಸಿದ್ಧಾಂತದ ಬಲದಿಂದ ಅವನು ಜಗ್ಗಾ ಎಂಬವನನ್ನು ಅಪರಾಧಿಯೆಂದು ತೀರ್ಮಾನಿಸಿದ್ದಾನೆ. ಜಗ್ಗಾ ಸೇಡಿಗಾಗಿ ರಘುನಾಥನ ಹೆಂಡತಿಯನ್ನು ಅಪಹರಿಸುತ್ತಾನೆ. ಆಕೆ ಗರ್ಭಿಣಿಯೆಂದು ತಿಳಿದು ಬಿಟ್ಟುಬಿಡುತ್ತಾನೆ. ಪಾತ್ರದ ಹೆಸರೂ ಲೀಲಾ ಎಂದೇ. ಮನೆಗೆ ಮರಳಿದವಳ ಹೊಟ್ಟೆಯಲ್ಲಿರುವುದು ಯಾರ ಕೂಸೆಂದು ಗಂಡ ಸಂಶಯಪಟ್ಟು ಆಕೆಯನ್ನು ಹೊರಗೆ ಹಾಕುತ್ತಾನೆ. ಬೀದಿಯಲ್ಲಿ, ಮಳೆಯಲ್ಲಿ, ಹೆರಿಗೆಯಾಗುತ್ತದೆ. ಆ ಹೊತ್ತಿಗೆ ಮೇಳದವರು ಜಾನಕಿಯ ಪಾಡನ್ನು ಹಾಡುತ್ತಾರೆ. ಅಂದರೆ ಚಿತ್ರ ತನ್ನ ಪೂರ್ವಕಥೆಯನ್ನು ತಾನೇ ಬೆರಳು ಮಾಡಿ ತೋರಿಸುತ್ತದೆ, ನೋಡುವವರು ಬೇರೆ ಹೋಲಿಕೆಯನ್ನು ಹುಡುಕಬೇಕಾಗಿಲ್ಲ. ನಾವಾದರೋ ಇನ್ನೊಂದು ಹೊಸ್ತಿಲನ್ನು ನೆನೆಯಬೇಕು. ನ್ಯಾಯಸ್ಥಾಪಕರು 19ರಲ್ಲಿ ಗಿಬೆಯದ ಆ ಮನೆಯ ಬಾಗಿಲಲ್ಲಿ ಬೆಳಗಿನ ಜಾವ ಬಿದ್ದಿದ್ದ ಹೆಂಗಸಿನ ಕೈಗಳು ಹೊಸ್ತಿಲ ಮೇಲಿದ್ದವು. ಆಕೆಯನ್ನು ಹೊರಗೆ ದೂಡಿದವನು ಲೇವಿಯನು. ಈ ಅಧ್ಯಾಯ ನಮ್ಮ ಪಾಠಪಟ್ಟಿಗಳಲ್ಲಿ ಸೇರುವುದಿಲ್ಲ. ಸೇರಿದರೂ ಅದರ ಮೇಲೆ ಪ್ರಸಂಗ ಮಾಡುವವರು ಇಲ್ಲ.

‘ಆವಾರಾ’ವನ್ನು ಹೊಗಳುವವರು ಸಾಮಾನ್ಯವಾಗಿ ಅದರ ಸಾಮಾಜಿಕ ವಾದವನ್ನು ಹೊಗಳುತ್ತಾರೆ: ರಕ್ತವಲ್ಲ, ಪರಿಸರವೇ ಮನುಷ್ಯನನ್ನು ರೂಪಿಸುತ್ತದೆ ಎಂಬ ವಾದ. ಅದು ಯೆಹೆಜ್ಕೇಲನ ಹದಿನೆಂಟನೆಯ ಅಧ್ಯಾಯಕ್ಕೆ ಒಪ್ಪುವ ಮಾತೇ. ತಂದೆಯ ಪಾಪವನ್ನು ಮಗನ ತಲೆಗೆ ಕಟ್ಟುವ ಗಾದೆಯನ್ನು ಪ್ರವಾದಿ ಅಲ್ಲಿ ನಿರಾಕರಿಸುತ್ತಾನೆ. ಕಥೆಗಾರ ಕೆ. ಎ. ಅಬ್ಬಾಸ್ ಆ ನಿರಾಕರಣೆಯನ್ನು ನ್ಯಾಯಾಲಯದ ಕಟಕಟೆಯಲ್ಲೇ ನಡೆಸಿದ್ದಾರೆ. ಆದರೆ ಒಂದು ಲೆಕ್ಕ ಚುಕ್ತಾ ಆಗುವುದಿಲ್ಲ. ರಘುನಾಥನ ಸಿದ್ಧಾಂತಕ್ಕೆ ಬಲಿಯಾದವರು ಇಬ್ಬರು, ಮಗ ಮತ್ತು ಹೆಂಡತಿ. ಕೊನೆಯಲ್ಲಿ ಮಗನ ವಿಚಾರಣೆ ನಡೆಯುತ್ತದೆ, ಮಗನಿಗೆ ವಕೀಲೆ ಸಿಗುತ್ತಾಳೆ, ಮಗನೊಡನೆ ತಂದೆಯ ಸಮಾಧಾನವೂ ಆಗುತ್ತದೆ. ಹೆಂಡತಿ ಅಷ್ಟರಲ್ಲಿ ತೀರಿಹೋಗಿದ್ದಾಳೆ. ಗಂಡನನ್ನು ಗುರುತಿಸಿ ಅವನ ಕಾರಿನ ಹಿಂದೆ ಓಡಿ, ಅದೇ ಕಾರಿಗೆ ಸಿಕ್ಕಿ ಗಾಯಗೊಂಡವಳು ಬದುಕಿ ಉಳಿಯಲಿಲ್ಲ. ಆಕೆಯ ಮೇಲೆ ಹೊರಿಸಿದ ಸಂಶಯದ ವಿಚಾರಣೆ ಯಾವ ನ್ಯಾಯಾಲಯದಲ್ಲೂ ನಡೆಯಲಿಲ್ಲ. ಗಂಡನು ಮಗನ ಎದುರಿಗೆ ಪಶ್ಚಾತ್ತಾಪಪಟ್ಟನೆಂದು ಪ್ರೇಕ್ಷಕರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾರೆ. ಯಾರಿಗೆ ಅನ್ಯಾಯವಾಯಿತೋ ಆಕೆ ಇಲ್ಲದ ಸಮಾಧಾನಕ್ಕೆ ಸಮಾಧಾನವೆಂಬ ಹೆಸರು ಸಲ್ಲುವುದೇ? ಕ್ಷಮಾಪಣೆಯ ಸಿದ್ಧಾಂತವನ್ನು ಬೋಧಿಸುವ ತರಗತಿಯಲ್ಲಿ ಈ ಚಿತ್ರವನ್ನು ತೋರಿಸುವುದಾದರೆ ಈ ಪ್ರಶ್ನೆಗಾಗಿಯೇ ತೋರಿಸಬೇಕು.

ನಟನೆಯನ್ನು ಕುರಿತು ಒಂದು ಮಾತು. ಲೀಲಾ ಚಿಟ್ನಿಸ್ ಅತಿ ಅಳುತ್ತಾರೆಂಬ ದೂರು ಹಳೆಯದು. ‘ಆವಾರಾ’ದ ಚಾಳಿನ ಮನೆಯ ದೃಶ್ಯಗಳನ್ನು ಗಮನವಿಟ್ಟು ನೋಡಿದರೆ ಅಷ್ಟು ಸುಲಭವಾಗಿ ಆ ದೂರನ್ನು ಒಪ್ಪಲಾಗದು. ಮಗ ದೊಡ್ಡ ವ್ಯಾಪಾರಿಯಾಗಿದ್ದಾನೆಂದು ನಂಬಿದ ತಾಯಿ ಅವನನ್ನು ನೋಡುವ ನೋಟದಲ್ಲಿ ಪ್ರೀತಿಯ ಜೊತೆಗೆ ಒಂದು ಪರೀಕ್ಷೆಯೂ ಇದೆ. ಮಗ ಆ ನೋಟಕ್ಕೆ ಅಂಜುತ್ತಾನೆ. ನ್ಯಾಯಾಧೀಶನಾದ ತಂದೆಗೆ ಅಂಜದವನು ತಾಯಿಯ ಮೌನಕ್ಕೆ ಅಂಜುತ್ತಾನೆ. ಸಂಭಾಷಣೆ ಆಕೆಗೆ ಅಸಹಾಯಕತೆಯನ್ನಷ್ಟೇ ಕೊಟ್ಟಿದೆ. ಮುಖ ಬೇರೆ ಏನನ್ನೋ ಹೇಳುತ್ತದೆ. ನಮ್ಮ ವಾದವಿಷ್ಟು: ಹಿಂದೀ ಚಿತ್ರದ ಅಳುವ ತಾಯಿ ವಾಸ್ತವದಲ್ಲಿ ತೀರ್ಪು ಕೊಡುವವಳು. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ಅಧಿಕಾರ ಆಕೆಯದು. ಕಣ್ಣೀರು ಆ ಅಧಿಕಾರದ ಮೇಲೆ ಹೊದಿಸಿದ ಸೆರಗು.

ಎರಡನೆಯ ಚಿತ್ರದಲ್ಲಿ ಈ ಅಧಿಕಾರ ಬಯಲಿಗೆ ಬರುತ್ತದೆ. ಬಿ. ಆರ್. ಚೋಪ್ರಾರ ‘ಸಾಧನಾ’ (1958) ಚಿತ್ರದಲ್ಲಿ ಕಾಯಿಲೆ ಬಿದ್ದ ತಾಯಿಗೆ ಸೊಸೆಯ ಮುಖ ನೋಡುವ ಆಸೆ. ಮದುವೆಯಾಗದ ಮಗನಿಗಾಗಿ ಹಣ ಕೊಟ್ಟು ಒಬ್ಬ ವೇಶ್ಯೆಯನ್ನು ಸೊಸೆಯೆಂದು ಹೇಳಿ ಕರೆತರಲಾಗುತ್ತದೆ. ವೈಜಯಂತಿಮಾಲಾ ಆ ಪಾತ್ರ ವಹಿಸಿದ್ದಾರೆ. ತಾಯಿ ಲೀಲಾ ಚಿಟ್ನಿಸ್. ಹಣಕ್ಕಾಗಿ ಬಂದವಳು ಆ ಮನೆಯ ಅಂತಃಕರಣಕ್ಕೆ ಸೋಲುತ್ತಾಳೆ. ಸತ್ಯ ಹೊರಬಿದ್ದಾಗ ತಿರಸ್ಕಾರ, ಆಮೇಲೆ ಸ್ವೀಕಾರ. ಕೊನೆಗೆ ಆಕೆಗೆ ಆ ಮನೆಯಲ್ಲಿ ಸೊಸೆಯ ಸ್ಥಾನ ದೊರೆಯುತ್ತದೆ. 1958ರಲ್ಲಿ ಇಂಥ ಮುಕ್ತಾಯ ಸಣ್ಣ ಧೈರ್ಯವಲ್ಲ. ಆದರೂ ಯಾವ ಷರತ್ತಿನ ಮೇಲೆ ಆಕೆ ಒಳಗೆ ಬಂದಳೆಂಬುದನ್ನು ನೋಡಬೇಕು. ಅತ್ತೆಯ ಸೇವೆ ಮಾಡಿ, ದೇವರ ಮುಂದೆ ಕೂತು, ತಾನು ಒಳ್ಳೆಯ ಸೊಸೆಯಾಗಬಲ್ಲೆನೆಂದು ಸಾಬೀತುಪಡಿಸಿದ ಮೇಲೆ ಬಾಗಿಲು ತೆರೆಯಿತು. ಪೌಲನ ಪತ್ರಗಳನ್ನು ಓದಿದವರಿಗೆ ಈ ಕ್ರಮ ತಲೆಕೆಳಗಾಗಿ ಕಾಣಬೇಕು, ಏಕೆಂದರೆ ಇಲ್ಲಿ ಮೊದಲು ಯೋಗ್ಯತೆ, ಆಮೇಲೆ ಕೃಪೆ. ಯೆರಿಕೋವಿನ ರಾಹಾಬಳು ಯಾರ ಸೊಸೆಯೆಂದೂ ಪರೀಕ್ಷೆ ಕೊಡಲಿಲ್ಲ. ಮತ್ತಾಯನು ಆಕೆಯ ಹೆಸರನ್ನು ಮೆಸ್ಸೀಯನ ವಂಶಾವಳಿಯಲ್ಲಿ ಬರೆದಾಗ ಯಾವ ವಿವರಣೆಯನ್ನೂ ಜೋಡಿಸಲಿಲ್ಲ.

ಮೂರನೆಯದು ‘ಗೈಡ್’ (1965). ಆರ್. ಕೆ. ನಾರಾಯಣರ ಕಾದಂಬರಿಯನ್ನು ವಿಜಯ್ ಆನಂದ್ ತೆರೆಗೆ ತಂದರು. ದೇವದಾಸಿ ಮನೆತನದ ರೋಸಿಯನ್ನು ಮಗ ರಾಜು ತನ್ನ ಮನೆಯಲ್ಲಿ ಇರಿಸಿಕೊಂಡಾಗ ತಾಯಿ ಆಕೆಯನ್ನು ಹೊರಗೆ ಹಾಕುವುದಿಲ್ಲ, ತಾನೇ ಹೊಸ್ತಿಲು ದಾಟಿ ಅಣ್ಣನ ಜೊತೆ ಹೊರಟುಹೋಗುತ್ತಾಳೆ. ಮನೆ ಬಿಟ್ಟು ಹೋಗುವುದೂ ಒಂದು ತೀರ್ಪು. ಬಹುಶಃ ಹೊರಗೆ ಹಾಕುವುದಕ್ಕಿಂತ ಕಠೋರವಾದದ್ದು, ಏಕೆಂದರೆ ಉಳಿದವರ ತಲೆಯ ಮೇಲೆ ಅಪರಾಧದ ಹೊರೆ ಬಿಟ್ಟು ಹೋಗುತ್ತದೆ. ಕೊನೆಯಲ್ಲಿ ಮಳೆಗಾಗಿ ಉಪವಾಸ ಕೂತ ರಾಜುವಿನ ಬಳಿಗೆ ತಾಯಿಯೂ ರೋಸಿಯೂ ಬರುತ್ತಾರೆ. ಸಾಯುತ್ತಿರುವ ಮಗನ ಎರಡು ಬದಿಗೆ ಇಬ್ಬರೂ ಇರುತ್ತಾರೆ. ಆ ದೃಶ್ಯದಲ್ಲಿ ಅವರಿಬ್ಬರೊಳಗೆ ಏನಾಯಿತೆಂಬುದನ್ನು ಚಿತ್ರ ಕಾಣಿಸುವುದಿಲ್ಲ, ಅದಕ್ಕೆ ಮಗನ ಆತ್ಮಸಾಧನೆಯೇ ಮುಖ್ಯ. ಯೋಹಾನನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸಾಯುತ್ತಿರುವ ಮಗ ತನ್ನ ಮರಣದ ಗಳಿಗೆಯಲ್ಲಿ ಇತರರ ನಡುವೆ ಒಂದು ಹೊಸ ಮನೆಯನ್ನು ಕಟ್ಟುತ್ತಾನೆ. ಇಲ್ಲಿ ಹಾಗೇನೂ ನಡೆಯಲಿಲ್ಲ. ದೇವದಾಸಿಯ ಮಗಳನ್ನು ಆ ತಾಯಿ ತನ್ನ ಮನೆಗೆ ಕರೆದೊಯ್ದಳೋ ಇಲ್ಲವೋ ಎಂಬುದು ನಮಗೆ ಮುಖ್ಯ, ಚಿತ್ರಕ್ಕೆ ಮುಖ್ಯವಲ್ಲ.

ನಮಗೆ ಮುಖ್ಯವೆಂದುದು ಅಲಂಕಾರದ ಮಾತಲ್ಲ. ಈ ಪತ್ರಿಕೆಯ ಓದುಗರಲ್ಲಿ ಹಲವರು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ಸೇವೆಗೆ ಹೋಗುವವರು. ಸವದತ್ತಿಯ ಎಲ್ಲಮ್ಮನಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಈ ಗಡಿಸೀಮೆಯಲ್ಲಿ ತಲೆಮಾರುಗಳ ಕಾಲ ನಡೆದುಬಂತು. ಹಾಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಅನೇಕರು ಮುಂಬಯಿಯ ಕಾಮಾಠಿಪುರದ ಪಾಲಾದರು. ಇದನ್ನು ತಡೆಯಲು ಮುಂಬಯಿ ಸರಕಾರ 1934ರಲ್ಲೇ ಕಾನೂನು ಮಾಡಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದನ್ನು ಮಾಡಿತು. ಕಾನೂನು ಮುತ್ತು ಕಟ್ಟುವುದನ್ನು ಅಪರಾಧವೆನ್ನಬಹುದು. ಹಿಂತಿರುಗಿ ಬಂದವಳಿಗೆ ಬಾಗಿಲು ತೆರೆಯುವಂತೆ ಯಾವ ಮನೆಯವರಿಗೂ ಅದು ಆಜ್ಞೆ ಮಾಡಲಾರದು. ಆ ಬಾಗಿಲಲ್ಲಿ ನಿಂತಿರುವವಳು ಸಾಮಾನ್ಯವಾಗಿ ಒಬ್ಬ ತಾಯಿ, ಒಬ್ಬ ಅತ್ತೆ, ಒಬ್ಬ ದೊಡ್ಡವ್ವ. ನಮ್ಮ ಸಭೆಗಳೂ ಇದಕ್ಕೆ ಹೊರತಲ್ಲ. ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿದ್ದಾಗ, ಪ್ರಭುಭೋಜನದ ಸಾಲಿನಲ್ಲಿ ಯಾರ ಪಕ್ಕಕ್ಕೆ ಯಾರು ನಿಂತರೆಂದು ಹೆಂಗಸರ ಕಡೆಯ ಬೆಂಚುಗಳಲ್ಲಿ ಪಿಸುಮಾತು ಎದ್ದಾಗ, ಸಭಾಪಾಲಕರು ಎದುರಿಸುವುದು ‘ಗೈಡ್’ ಚಿತ್ರದ ತಾಯಿಯನ್ನೇ. ಆಕೆ ಬೈಯುವುದಿಲ್ಲ. ಕಣ್ಣೀರು ಹಾಕಿ ಎದ್ದು ಹೋಗುತ್ತಾಳೆ, ಮುಂದಿನ ಭಾನುವಾರ ಬರುವುದಿಲ್ಲ.

ಇಷ್ಟು ಸೂಕ್ಷ್ಮವಾದ ನಟಿ ತಾನು ಆಡುತ್ತಿದ್ದ ಪಾತ್ರಗಳನ್ನು ಕುರಿತು ಏನು ಯೋಚಿಸಿದ್ದರೋ ಎಂದು ಊಹಿಸಲು ಅವರ ಸ್ವಂತ ಆಯ್ಕೆಗಳೇ ದಾರಿ. 1955ರಲ್ಲಿ ಅವರು ‘ಆಜ್ ಕೀ ಬಾತ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಆಗಿನ ಕಾಲಕ್ಕೆ ಹೆಂಗಸರು ಕ್ಯಾಮೆರಾದ ಹಿಂದೆ ನಿಲ್ಲುವುದು ಬೆರಳೆಣಿಕೆಯ ಸಂಗತಿ. ಆದರೆ ಅವರ ಮನಸ್ಸನ್ನು ಹೆಚ್ಚು ಸ್ಪಷ್ಟವಾಗಿ ತೋರುವುದು ರಂಗಭೂಮಿಗೆ ಅವರು ಮಾಡಿದ ಕೆಲಸವೆಂದು ನಾವು ಭಾವಿಸುತ್ತೇವೆ. ಸಾಮರ್‌ಸೆಟ್ ಮಾಮ್‌ನ ‘ಸೇಕ್ರೆಡ್ ಫ್ಲೇಮ್’ ನಾಟಕದ ರೂಪಾಂತರವನ್ನು ತಾವೇ ಬರೆದು ತಾವೇ ನಿರ್ದೇಶಿಸಿದರು. ಮಾಮ್‌ನ ನಾಟಕದಲ್ಲಿ ವಿಮಾನಾಪಘಾತದಿಂದ ಹಾಸಿಗೆ ಹಿಡಿದ ಮಗನೊಬ್ಬ ರಾತ್ರಿ ಬೆಳಗಾಗುವುದರೊಳಗೆ ಸತ್ತಿರುತ್ತಾನೆ. ದಾದಿ ಇದು ಕೊಲೆಯೆನ್ನುತ್ತಾಳೆ. ಸಂಶಯ ಸೊಸೆಯ ಕಡೆಗೆ ತಿರುಗುತ್ತದೆ. ಕೊನೆಯಲ್ಲಿ ತಾಯಿ ಬಾಯಿ ಬಿಡುತ್ತಾಳೆ: ಮಗನಿಗೆ ನಿದ್ದೆಯ ಔಷಧಿಯನ್ನು ಮಿತಿಮೀರಿ ಕೊಟ್ಟವಳು ತಾನೇ, ಅವನ ಮೇಲಿನ ಪ್ರೀತಿಯಿಂದ. ಈ ಕೃತ್ಯವನ್ನು ಕ್ರೈಸ್ತ ನೀತಿಶಾಸ್ತ್ರ ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ಈ ಆಯ್ಕೆ ಬೆರಗು ಹುಟ್ಟಿಸುತ್ತದೆ. ತೆರೆಯ ಮೇಲೆ ವರ್ಷಕ್ಕೆ ಹಲವು ಸಲ ಮಗನಿಗಾಗಿ ಅತ್ತು ಸಾಯುತ್ತಿದ್ದ ನಟಿ, ನಾಟಕವೊಂದನ್ನು ತನ್ನ ಕೈಯಾರೆ ಕಟ್ಟುವಾಗ ಆರಿಸಿಕೊಂಡದ್ದು ತಾನೇ ನಿರ್ಧರಿಸುವ, ತಾನೇ ಮಾಡುವ, ಎಲ್ಲರೆದುರು ಅದನ್ನು ಒಪ್ಪಿಕೊಳ್ಳುವ ತಾಯಿಯನ್ನು. ಆ ತಾಯಿಯ ಕೃತ್ಯ ಪಾಪವಾಗಿರಬಹುದು, ಆದರೆ ಅದು ಆಕೆಯದೇ ಕೃತ್ಯ. ಪಾಪ ಮಾಡಲು ಸಾಮರ್ಥ್ಯವಿಲ್ಲದವಳೆಂದು ಹೆಂಗಸನ್ನು ಪೂಜಿಸುವುದಕ್ಕಿಂತ ಇದು ಆಕೆಗೆ ತೋರುವ ಹೆಚ್ಚಿನ ಗೌರವ.

ಮೇಲೆ ನಾರ್ವೆಯ ಒಂದು ನಾಟಕದ ಪ್ರಸ್ತಾಪ ಬಂತು. ಅದೇ ದೇಶದ ಇನ್ನೊಬ್ಬ ನಟಿ-ನಿರ್ದೇಶಕಿಯ ಉದಾಹರಣೆ ಇಲ್ಲಿ ಉಪಯುಕ್ತ. ಲೀವ್ ಉಲ್‌ಮನ್ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ನನ ‘ಪರ್ಸೋನಾ’ (1966) ಮೊದಲಾದ ಚಿತ್ರಗಳಿಂದ ಪ್ರಸಿದ್ಧರಾದವರು. ‘ಆಟಂ ಸೊನಾಟಾ’ (1978) ಚಿತ್ರದಲ್ಲಿ ಅವರು ನಾರ್ವೆಯ ಹಳ್ಳಿಯೊಂದರ ಸಭಾಪಾಲಕನ ಹೆಂಡತಿ. ಎಷ್ಟೋ ವರ್ಷಗಳ ಮೇಲೆ ಮನೆಗೆ ಬಂದ ತಾಯಿಯನ್ನು ಮಗಳು ರಾತ್ರಿಯಿಡೀ ಪ್ರಶ್ನಿಸುತ್ತಾಳೆ. ಹಿಂದೀ ಚಿತ್ರದಲ್ಲಿ ಎಂದೂ ನಡೆಯದ ತಾಯಿಯ ವಿಚಾರಣೆ ಅಲ್ಲಿ ಪಾದ್ರಿಯ ಮನೆಯಲ್ಲೇ ನಡೆಯುತ್ತದೆ. ಸಭಾಪಾಲಕ ಗಂಡನಿಗೆ ಆ ಮಾತುಕತೆಯಲ್ಲಿ ಪಾತ್ರವಿಲ್ಲ. 1992ರಿಂದ ಉಲ್‌ಮನ್ ನಿರ್ದೇಶನಕ್ಕೆ ತಿರುಗಿದರು. ಸಿಗ್ರಿಡ್ ಉಂಡ್‌ಸೆಟ್ ಅವರ ಕಾದಂಬರಿಯ ‘ಕ್ರಿಸ್ಟಿನ್ ಲಾವ್ರಾನ್ಸ್‌ದಾತ್ತೆರ್’ (1995) ಆದ ಮೇಲೆ ಬರ್ಗ್‌ಮನ್ ಬರೆದ ‘ಪ್ರೈವೇಟ್ ಕನ್ಫೆಷನ್ಸ್’ (1996) ಚಿತ್ರವನ್ನು ಮಾಡಿದರು. ಅದರಲ್ಲಿ ಪಾದ್ರಿಯ ಹೆಂಡತಿಯಾದ ಆನ್ನಾ ತನ್ನ ವ್ಯಭಿಚಾರವನ್ನು ಪಾದ್ರಿಯೇ ಆದ ಮತ್ತೊಬ್ಬ ಹಿರಿಯನಲ್ಲಿ ಅರಿಕೆ ಮಾಡುತ್ತಾಳೆ. ಗಂಡನಿಗೆ ಸತ್ಯವನ್ನು ಹೇಳೆಂದು ಅವನು ಬುದ್ಧಿ ಹೇಳುತ್ತಾನೆ. ಆಕೆ ಹೇಳುತ್ತಾಳೆ. ಸತ್ಯ ಆ ಮನೆಯನ್ನು ಗುಣಪಡಿಸುವುದಿಲ್ಲ. ಅರಿಕೆಯನ್ನು ಕೇಳುವ ಸೇವೆಗೆ ಸಿದ್ಧರಾಗುವವರು ನೋಡಲೇಬೇಕಾದ ಚಿತ್ರ ಇದು. ಒಳ್ಳೆಯ ಬುದ್ಧಿವಾದ ಕೊಟ್ಟವನು ಅದರ ಫಲಕ್ಕೆ ಎಷ್ಟರಮಟ್ಟಿಗೆ ಬಾಧ್ಯನು ಎಂಬ ಪ್ರಶ್ನೆಯನ್ನು ಅದು ಬಿಡಿಸದೆಯೇ ಬಿಡುತ್ತದೆ.

ಇಬ್ಬರನ್ನು ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮ ಉದ್ದೇಶವಲ್ಲ. ಉಲ್‌ಮನ್‌ರಿಗೆ ಬರ್ಗ್‌ಮನ್ನನಂಥವನ ಬರ್ಹ ದೊರೆಯಿತು, ನಿರ್ದೇಶನದ ಅವಕಾಶ ಮತ್ತೆ ಮತ್ತೆ ಬಂತು, 2014ರ ‘ಮಿಸ್ ಜೂಲಿ’ಯ ತನಕ. ಚಿಟ್ನಿಸ್‌ರ ಕಾಲದ ಮುಂಬಯಿಯಲ್ಲಿ ಟಿಕೆಟ್ಟಿನ ಹಣವೇ ಎಲ್ಲಕ್ಕೂ ಒರೆಗಲ್ಲು. ಅಲ್ಲಿ ಒಂದು ಚಿತ್ರವನ್ನು ನಿರ್ದೇಶಿಸಿದ ನಟಿ ಮರುದಿನ ಮತ್ತೆ ಯಾರದೋ ತಾಯಿಯಾಗಿ ಕೆಮ್ಮಬೇಕಾಗಿತ್ತು. ಬ್ಯೋರ್ನ್‌ಸನ್ ಮತ್ತು ಇಬ್ಸೆನ್‌ರ ಮೂಸೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರಿಗೆ ಆ ಪ್ರಶ್ನೆಗಳನ್ನು ತೆರೆಗೆ ತರುವ ಅನುಕೂಲ ಸಿಕ್ಕಿತು, ಮತ್ತೊಬ್ಬರು ಅವನ್ನು ಬೇರೆಯವರು ಬರೆದ ಪಾತ್ರಗಳ ಮಡಿಕೆಗಳಲ್ಲಿ ಬಚ್ಚಿಡಬೇಕಾಯಿತು. 1981ರಲ್ಲಿ ಅವರು ಮರಾಠಿಯಲ್ಲಿ ಪ್ರಕಟಿಸಿದ ಆತ್ಮಕಥೆಯ ಹೆಸರು ‘ಚಂದೇರೀ ದುನಿಯೇತ’, ಬೆಳ್ಳಿಯ ಲೋಕದಲ್ಲಿ ಎಂದು ಅರ್ಥ. 1980ರ ದಶಕದ ಕೊನೆಗೆ ಮಕ್ಕಳಿದ್ದ ಅಮೆರಿಕಕ್ಕೆ ಹೋದರು. 2003ರ ಜುಲೈಯಲ್ಲಿ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಎಂಬ ಊರಿನ ಶುಶ್ರೂಷಾಲಯದಲ್ಲಿ, 93ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಕನ್ನಡ ಚಿತ್ರಗಳಲ್ಲಿ ಹೊಸ್ತಿಲ ಬಳಿಯ ಈ ಹಿರಿಯ ಹೆಂಗಸು ಬೇರೆ ರೀತಿಯಲ್ಲಿ ನಡೆದುಕೊಂಡ ಒಂದು ನಿದರ್ಶನವಿದೆ. ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ನಿರ್ದೇಶಿಸಿದ ‘ಫಣಿಯಮ್ಮ’ (1983). ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಮುದುಕಿಯಾದ ಫಣಿಯಮ್ಮ, ತಾನು ಹೊತ್ತ ನಿಯಮವನ್ನು ಎಳೆಯ ವಿಧವೆ ದಾಕ್ಷಾಯಿಣಿಯ ಮೇಲೆ ಹೊರಿಸಲು ಒಪ್ಪುವುದಿಲ್ಲ. ಹೆರಿಗೆಯ ಸಂಕಟದಲ್ಲಿರುವ ಕೆಳಜಾತಿಯ ಹೆಣ್ಣಿನ ಬಳಿಗೆ ಹೋಗಲು ಆಕೆಗೆ ಮಡಿ ಅಡ್ಡಬರುವುದಿಲ್ಲ. ತನ್ನ ವ್ರತವನ್ನು ತಾನು ಬಿಡಲಿಲ್ಲ, ಬೇರೆಯವರಿಗೆ ಅದನ್ನು ಅಳತೆಗೋಲು ಮಾಡಲಿಲ್ಲ. ಫಣಿಯಮ್ಮನಾಗಿ ನಟಿಸಿದ ಎಲ್. ವಿ. ಶಾರದಾ ಹನ್ನೆರಡು ವರ್ಷ ಹಿಂದೆ ‘ವಂಶವೃಕ್ಷ’ದಲ್ಲಿ ಮರುಮದುವೆಯಾಗುವ ವಿಧವೆ ಕಾತ್ಯಾಯಿನಿಯ ಪಾತ್ರ ಮಾಡಿದವರು, ಆ ಚಿತ್ರವನ್ನು ಗಿರೀಶ ಕಾರ್ನಾಡರ ಜೊತೆ ನಿರ್ದೇಶಿಸಿದವರು ಪ್ರೇಮಾ ಅವರ ಪತಿ ಬಿ. ವಿ. ಕಾರಂತರು. ಒಂದೇ ಮುಖ, ಎರಡು ವಿಧವೆಯರು, ನಿರ್ದೇಶಿಸಿದವರು ಗಂಡ ಹೆಂಡತಿ. ಈ ಎರಡನ್ನೂ ಒಟ್ಟಿಗೆ ಇಟ್ಟು ಯಾರಾದರೂ ವಿಸ್ತಾರವಾಗಿ ಬರೆಯಬೇಕು. ಇಲ್ಲಿ ಅದಕ್ಕೆ ಎಡೆಯಿಲ್ಲ.

ಕೊನೆಯದಾಗಿ ನಿಪ್ಪಾಣಿಯಲ್ಲೇ ತೆಗೆದ ಒಂದು ಚಿತ್ರದ ವಿಷಯ. 1982ರಲ್ಲಿ ದೀಪಾ ಧನರಾಜ್ ಮತ್ತು ಅವರ ಗೆಳೆಯರ ‘ಯುಗಾಂತರ್’ ತಂಡ ‘ತಂಬಾಕು ಚಾಕಿಲಾ ಊಬ್ ಆಲೀ’ ಎಂಬ ಸಾಕ್ಷ್ಯಚಿತ್ರವನ್ನು ಮರಾಠಿಯಲ್ಲಿ ಮಾಡಿತು. ನಿಪ್ಪಾಣಿಯ ತಂಬಾಕು ಕಾರಖಾನೆಗಳಲ್ಲಿ ದೂಳು ಕುಡಿಯುತ್ತ ದುಡಿದ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ ಕಥೆ ಅದು. ಆ ಹೆಂಗಸರೇ ತಮ್ಮ ಮಾತನ್ನು ತಾವು ಆಡಿದ್ದಾರೆ. ಅವರಲ್ಲಿ ಬಹುಪಾಲು ಜನ ತಾಯಂದಿರು. ಗೋದಾಮಿನ ಬಾಗಿಲೂ ಒಂದು ಹೊಸ್ತಿಲೇ. ಇವರು ಅದರ ಹೊರಗೆ ಸಾಲಾಗಿ ನಿಂತದ್ದು ತಾವಾಗಿ, ಬೇಡಿಕೆಯೊಡನೆ. 2 ಸಮುವೇಲ 21ರಲ್ಲಿ ರಿಚ್ಪಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿ ಸುಗ್ಗಿಯ ಆರಂಭದಿಂದ ಮಳೆ ಬೀಳುವ ತನಕ ಕೂತಳು, ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಹೆಣಗಳ ಹತ್ತಿರ ಬರಗೊಡಲಿಲ್ಲ. ಸುದ್ದಿ ಅರಸನಿಗೆ ಮುಟ್ಟಿತು, ಅರಸನು ಎಲುಬುಗಳನ್ನು ತರಿಸಿ ಹೂಳಿಸಬೇಕಾಯಿತು. ಆಕೆ ಒಂದು ಮಾತನ್ನಾದರೂ ಆಡಿದಳೆಂದು ಅಲ್ಲಿ ಬರೆದಿಲ್ಲ, ಅತ್ತಳೆಂದೂ ಬರೆದಿಲ್ಲ. ಸಿನೆಮಾವನ್ನು ಕುರಿತು ನಮ್ಮ ಗುರುಮಠಗಳಲ್ಲಿ ಪಾಠ ನಡೆಯುವುದಾದರೆ, ‘ಆವಾರಾ’ದ ಮಳೆಯ ರಾತ್ರಿಯನ್ನೂ ಅರ್ಧ ಗಂಟೆಯೊಳಗೆ ಮುಗಿಯುವ ಈ ನಿಪ್ಪಾಣಿಯ ಚಿತ್ರವನ್ನೂ ಒಂದೇ ಮಧ್ಯಾಹ್ನ ತೋರಿಸಿ, ಸಂಜೆ ರಿಚ್ಪಳ ಅಧ್ಯಾಯವನ್ನು ಓದಿಸಬೇಕೆಂದು ಅಧ್ಯಾಪಕರಲ್ಲಿ ನಮ್ಮ ವಿನಂತಿ. ತಾಯಂದಿರ ದಿನದ ಪ್ರಸಂಗವನ್ನು ವಿದ್ಯಾರ್ಥಿಗಳು ಮರುದಿನ ಬರೆಯಲಿ.